ಫ್ಲ್ಯಾಟಿನ ಮಲ್ಲಿಗೆ ಗಿಡಕ್ಕೆ ಬಿಸಿಲು ಮತ್ತು ಕತ್ತರಿ

ಮನೆಯೊಳಗಿಟ್ಟ ಮಲ್ಲಿಗೆ ಗಿಡ ಎಲೆಯಲ್ಲೇ ಹುಲುಸಾಗಿ ಬೆಳೆದು ಮೊಗ್ಗು ಬಿಡದಿದ್ದರೆ, ಹೆಚ್ಚಿನವರು ಮೊದಲು ಮಾಡುವುದು ಇನ್ನಷ್ಟು ಗೊಬ್ಬರ ಹಾಕುವ ಕೆಲಸ. ನಾನೂ ಅದನ್ನೇ ಮಾಡಿದ್ದೆ. ಉಡುಪಿಯ ಹಳೆಯ ಮನೆಯಿಂದ ಮಂಗಳೂರಿನ ಫ್ಲ್ಯಾಟಿಗೆ ಬರುವಾಗ ಶಂಕರಪುರ ಮಲ್ಲಿಗೆಯ ಒಂದು ಗಿಡವನ್ನು ಕುಂಡದಲ್ಲಿ ತಂದು, ಹಾಲಿನ ಮೂಲೆಯಲ್ಲಿಟ್ಟು, ಹದಿನೈದು ದಿನಕ್ಕೊಮ್ಮೆ ಹಟ್ಟಿಗೊಬ್ಬರ, ಹಿಂಡಿ ಎಂದು ಉಣಿಸಿದೆ. ವರ್ಷವಿಡೀ ಒಂದು ಹೂವೂ ಬರಲಿಲ್ಲ. ಮಲ್ಲಿಗೆ ಕೃಷಿ ಮಾಡುವ ನಮ್ಮ ಸಂಬಂಧಿಕರೊಬ್ಬರು ಬಂದಾಗ ಒಂದು ಗೆಲ್ಲನ್ನು (ಕೊಂಬೆಯನ್ನು) ಬಗ್ಗಿಸಿ, ಎಲೆ ಮೂಡುವ ಎರಡು ಗಂಟುಗಳ ನಡುವೆ ಬೆರಳಿಟ್ಟು ಅಳೆದರು. ನಾಲ್ಕು ಬೆರಳಿನಷ್ಟು ಅಂತರವಿತ್ತು. "ಇದು ಬೆಳಕು ಹುಡುಕಿಕೊಂಡು ಉದ್ದವಾದ ಗೆಲ್ಲು ಅಕ್ಕ, ಗೊಬ್ಬರ ನಿಲ್ಲಿಸಿ, ಬಿಸಿಲು ಕೊಡಿ" ಎಂದರು.

ಮಲ್ಲಿಗೆಗೆ ದಿನಕ್ಕೆ ಐದಾರು ಗಂಟೆಯ ನೇರ ಬಿಸಿಲು ಬೇಕೇ ಬೇಕು. ಕೋಣೆಯ ಬೆಳಕು ನಮ್ಮ ಕಣ್ಣಿಗೆ ಸಾಕಾದರೂ ಗಿಡಕ್ಕೆ ಸಾಲದು. ನಮ್ಮ ಕರಾವಳಿ 13 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿರುವುದರಿಂದ, ಆಗಸ್ಟ್ ಕೊನೆಯಿಂದ ಏಪ್ರಿಲ್‌ವರೆಗೆ ನಡುಹಗಲ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆದ್ದರಿಂದ ಆ ತಿಂಗಳುಗಳಲ್ಲಿ ದಕ್ಷಿಣದ ಬಾಲ್ಕನಿಯೇ ಉತ್ತಮ, ಅದಿಲ್ಲದಿದ್ದರೆ ಪೂರ್ವದ ಕಿಟಕಿ. ನೆರಳಿನಲ್ಲಿದ್ದ ಗಿಡವನ್ನು ಒಮ್ಮೆಲೇ ಬಿಸಿಲಿಗಿಟ್ಟರೆ ಎಲೆ ಸುಡುತ್ತದೆ. ಒಂದು ವಾರ ಬೆಳಗಿನ ಬಿಸಿಲು ಮಾತ್ರ ತಾಗಿಸಿ, ಆಮೇಲೆ ಮುಂದಕ್ಕೆ ಸರಿಸಿರಿ.

ಎರಡನೆಯದು ಕತ್ತರಿ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ, ಹಳೆಯ ಗೆಲ್ಲಿನಲ್ಲಿ ಅಲ್ಲ. ಮಳೆ ನಿಂತ ಮೇಲೆ, ಅಕ್ಟೋಬರ್ ಹೊತ್ತಿಗೆ, ಒಣಗಿದ ಮತ್ತು ಸಪೂರ ಗೆಲ್ಲುಗಳನ್ನು ಬುಡದಿಂದಲೇ ತೆಗೆದು, ಉಳಿದವುಗಳಲ್ಲಿ ನಾಲ್ಕೈದು ಗಂಟು ಬಿಟ್ಟು ಮೇಲಿನದನ್ನು ಕತ್ತರಿಸಬೇಕು. ಬೋಳಾದ ಗಿಡವನ್ನು ನೋಡಿ ಮನಸ್ಸಿಗೆ ನೋವಾಗುತ್ತದೆ, ಆದರೂ ಕೈ ಹಿಂದೆಗೆಯಬಾರದು. ಒಂದು ಗೊಂಚಲು ಹೂ ಮುಗಿದಾಗಲೂ ಅದರ ಕೆಳಗಿನ ಒಂದೆರಡು ಜೋಡಿ ಎಲೆಯ ಸಮೇತ ಚಿವುಟಿದರೆ, ಅಲ್ಲಿಂದ ಎರಡು ಚಿಗುರು ಒಡೆಯುತ್ತದೆ.

ಕುಂಡ ಒಂದಡಿಗಿಂತ ಸಣ್ಣದಾಗಿರಬಾರದು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹಳೆಯ ಹಟ್ಟಿಗೊಬ್ಬರ, ಒಂದು ಪಾಲು ಹೊಯಿಗೆ (ಮರಳು), ಸಿಕ್ಕಿದರೆ ಒಂದಿಷ್ಟು ಸುಡುಮಣ್ಣು (ತರಗೆಲೆಯೊಂದಿಗೆ ಸುಟ್ಟ ಮಣ್ಣು). ಕತ್ತರಿಸಿ ಚಿಗುರು ಬಂದ ಮೇಲೆ, ಒಂದು ಹಿಡಿ ನೆಲಗಡಲೆ ಹಿಂಡಿಯನ್ನು ಎರಡು ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ತಿಳಿಗೆ ಹತ್ತರಷ್ಟು ನೀರು ಸೇರಿಸಿ, ತಿಂಗಳಿಗೊಮ್ಮೆ ಕೊಟ್ಟರೆ ಧಾರಾಳವಾಯಿತು. ಯೂರಿಯಾ ಬೇಡ, ಸಾರಜನಕ ಹೆಚ್ಚಾದಷ್ಟೂ ಗಿಡ ಎಲೆಗೇ ಓಡುತ್ತದೆ.

ಬೆರಳ ಒಂದು ಗಂಟಿನಷ್ಟು ಆಳದವರೆಗೆ ಮಣ್ಣು ಒಣಗಿದಾಗ ಮಾತ್ರ ನೀರು ಹಾಕಿ, ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಬೇಕು. ಬೇರು ಕೊಳೆಯುವುದು ಒಂದು ಕಾರಣ. ಮಲೇರಿಯಾ ಕಂಡ ಮಂಗಳೂರಿನಲ್ಲಿ ಸೊಳ್ಳೆಗೆ ಮನೆಯೊಳಗೇ ಜಾಗ ಕೊಡಬಾರದೆಂಬುದು ಇನ್ನೂ ದೊಡ್ಡ ಕಾರಣ. ಮೊಗ್ಗು ಕೆನ್ನೇರಳೆಗೆ ತಿರುಗಿ ಅದರಲ್ಲಿ ಸಣ್ಣ ತೂತು ಕಂಡರೆ ಒಳಗೆ ಹುಳುವಿದೆ ಎಂದರ್ಥ. ಅಂಥ ಮೊಗ್ಗುಗಳನ್ನು ಕಿತ್ತು ನಾಶಮಾಡಿ, ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ ಮತ್ತು ಎರಡು ಹನಿ ಸೋಪಿನ ದ್ರವ ಕಲಸಿ ಸಂಜೆ ಸಿಂಪಡಿಸಿರಿ. ಆಟಿ ತಿಂಗಳ (ತುಳುವರ ಜುಲೈ-ಆಗಸ್ಟ್ ಹೊತ್ತಿನ ತಿಂಗಳು) ಮಳೆಯಲ್ಲಿ ಹೂ ಕಡಿಮೆಯಾದರೆ ಗಾಬರಿ ಬೇಡ, ತೋಟದಲ್ಲೂ ಹಾಗೆಯೇ.

ಪೇಟೆಯ ಲೆಕ್ಕದಲ್ಲಿ ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕುಂಡದ ಗಿಡ ಅಷ್ಟು ಕೊಡಲಾರದು, ದೇವರ ಪಟಕ್ಕೊಂದು ತುಂಡು ಮಾಲೆಗೆ ಕೊಟ್ಟೀತು. ಬಿಳಿಯಾಗಿ ತುಂಬಿಕೊಂಡಿದ್ದರೂ ಇನ್ನೂ ಬಾಯಿ ಬಿಡದ ಮೊಗ್ಗನ್ನು ಬೆಳಿಗ್ಗೆ ಬಿಸಿಲೇರುವ ಮುನ್ನ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಒದ್ದೆ ಬಾಳೆಲೆಯಲ್ಲಿ ಸುತ್ತಿಡಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅರಳಿರುತ್ತದೆ.