ಕ್ಯಾರಿ ಬಿಟ್ಟೆ, ಚೆರಿ ಹಿಡಿದೆ

ಬೆಂಗಳೂರಿನ ಒಂದು ಪ್ರೈವೇಟ್ ಈಕ್ವಿಟಿ ಫಂಡಿನಲ್ಲಿ, ಅಂದರೆ ಬೇರೆಯವರ ಹಣದಲ್ಲಿ ಕಂಪನಿಗಳನ್ನು ಕೊಂಡು ಮಾರುವ ಕಡೆ, ಆರು ವರ್ಷ ಇದ್ದೆ. ಅದನ್ನು ಬಿಟ್ಟು ಕುಶಾಲನಗರದ ಹತ್ತಿರ ಕಾಫಿ ಹಣ್ಣಿನ ಒಣ ಸಿಪ್ಪೆ ಸುಲಿದು ಬೀಜ ತೆಗೆಯುವ ಹಳೇ ಹಲ್ಲಿಂಗ್ ಮಿಲ್ ಕೊಂಡಾಗ ಅಪ್ಪ ಮೂರು ದಿನ ಮಾತಾಡಲಿಲ್ಲ. "ಇನ್ನೆರಡು ವರ್ಷ ತಡ್ಕೊಳ್ಳಿ, ಕ್ಯಾರಿ ಬರುತ್ತೆ" ಅಂತ ಬಾಸ್ ಹೇಳಿದ್ದರು. ಕ್ಯಾರಿ ಅಂದರೆ ಫಂಡಿನ ಲಾಭದಲ್ಲಿ ಅದನ್ನು ನಡೆಸುವವರಿಗೆ ಸಿಗುವ ಪಾಲು, ಅದರ ಕಥೆ ನಿಮಗೆ ಗೊತ್ತಲ್ವಾ? ಹಣ ಹಾಕಿದವರ ಅಸಲು ವಾಪಸ್ ಹೋಗಬೇಕು, ಅದರ ಮೇಲೆ ವರ್ಷಕ್ಕೆ ಶೇ. 8 ಸಿಗಬೇಕು. ಆಮೇಲೆ ಲಾಭದ ಶೇ. 20ರಲ್ಲಿ ದೊಡ್ಡವರು ಉಂಡು ಉಳಿದದ್ದು ನಮಗೆ. ನಮ್ಮ ಫಂಡಿನ ನಾಲ್ಕು ಕಂಪನಿಗಳನ್ನು ಕೊಳ್ಳುವವರೇ ಇರಲಿಲ್ಲ.

ಮಿಲ್ಲಿಗೆ ಯಜಮಾನರು 1.40 ಕೋಟಿ ಹೇಳಿದರು. ಮೂರು ವರ್ಷದ ಲೆಕ್ಕ ಮತ್ತು ಕರೆಂಟ್ ಬಿಲ್ ಅಕ್ಕಪಕ್ಕ ಇಟ್ಟು ಕೂತೆ. ಎಷ್ಟು ಚೀಲ ಓಡಿದೆ ಅನ್ನೋದು ಕರೆಂಟ್ ಬಿಲ್ಲಿನಲ್ಲೇ ಸಿಗುತ್ತೆ. 1.10ಕ್ಕೆ ಇಳಿಯಿತು. 40 ಲಕ್ಷ ಕೈಗೆ, ಉಳಿದ 70 ನಾಲ್ಕು ಕುಯ್ಲಿನಲ್ಲಿ, ಮಿಲ್ಲಿನ ದುಡಿಮೆಯಿಂದಲೇ. ಬೆಳೆ ಕೈಕೊಟ್ಟ ವರ್ಷ ಕಂತೂ ಇಳಿಯಬೇಕು. "ಮಿಲ್ಲನ್ನು ಯಾರಾದ್ರೂ ಕಡ ಕೊಡ್ತಾರಾ?" ಅಂತ ಪೇಟೆಯಲ್ಲಿ ನಕ್ಕರು. ಯಜಮಾನರನ್ನು ಒಪ್ಪಿಸಿದ್ದು ಹೇಗೆ ಅಂತ ಮಾತ್ರ ಬರೆಯಲ್ಲ. ಇನ್ನೊಂದು ಮಿಲ್ ಮೇಲೆ ಕಣ್ಣಿದೆ.

ಬೇರೆಯವರ ಚೆರಿಯನ್ನು, ಅಂದರೆ ಒಣಗಿಸಿದ ಕಾಫಿ ಹಣ್ಣನ್ನು, ಕೂಲಿಗೆ ಹಲ್ ಮಾಡೋದು, ಸ್ವಂತ ಸ್ಟಾಕ್ ಬೇಡ ಅಂತ ತೀರ್ಮಾನ ಮಾಡಿದ್ದೆ. 2023ರ ಮೊದಲ ಕುಯ್ಲಿನಲ್ಲೇ ಮುರಿದೆ. ರೇಟ್ ಏರುತ್ತಿತ್ತು, ಕೈ ತುರಿಸಿತು. 400 ಚೀಲ ರೊಬಸ್ಟಾ ಚೆರಿ, ಓಟಿ 27ರ ಲೆಕ್ಕದಲ್ಲಿ ಕೊಂಡೆ, ಅಂದರೆ 50 ಕೆಜಿಯ ಒಂದು ಚೀಲ ಚೆರಿ ಹಲ್ ಮಾಡಿದರೆ 27 ಕೆಜಿ ಬೀಜ (ಕ್ಲೀನ್ ಕಾಫಿ) ಬರುತ್ತೆ ಅಂತ. ಮೇಲಿನ ಹಿಡಿ ಕಿವಿ ಹತ್ತಿರ ಅಲ್ಲಾಡಿಸಿದರೆ ಗಲಗಲ ಅಂತಿತ್ತು. ಚೀಲದ ತಳದಲ್ಲಿ ಹಸಿ! ಮತ್ತೆ ಕಣದಲ್ಲಿ ಹರಡಿ, ಒಣಗಿಸಿ, ಹಲ್ಲರಿಗೆ ಹಾಕಿದರೆ 50 ಕೆಜಿಗೆ 24.5 ಬಂತು. ಒಂದು ಟನ್ ಕ್ಲೀನ್ ಕಾಫಿ ಖೋತಾ, ಅಂದರೆ ಎರಡು ಲಕ್ಷ ಚಿಲ್ಲರೆ. ನೂರಾರು ಕೋಟಿಯ ಡೀಲಿನಲ್ಲಿ ಆಡಿಟರ್‌ಗಳ ಬೆವರಿಳಿಸಿದವನು ಒಂದು ಚೀಲ ಸುರಿದು ನೋಡಿರಲಿಲ್ಲ.

ನಡುವೆ ಫಿಲ್ಟರ್ ಪುಡಿಯ ಹುಚ್ಚು ಹಿಡಿಯಿತು. ಮಡಿಕೇರಿಯ ಹೋಮ್‌ಸ್ಟೇಗಳಿಗೆ ಪ್ಯಾಕೆಟ್ ಮಾಡಿಸಿದೆ. ಮಳೆಗಾಲ ಬಂತು, ಟೂರಿಸ್ಟ್ ಇಲ್ಲ, ಪುಡಿ ಮುಗ್ಗಿತು. 60 ಸಾವಿರ ಹೋಯ್ತು. ಚೆರಿ ಹೊಟ್ಟಿನಲ್ಲಿ ಮಾತ್ರ ಗೆದ್ದೆ. ಮೊದಲು ಸುಮ್ನೆ ಕೊಡುತ್ತಿದ್ದದ್ದು ಈಗ ಬಾಯ್ಲರ್‌ಗೆ ಲೋಡುಗಟ್ಟಲೆ ಹೋಗುತ್ತೆ. ಹುಡುಗರ ಬೋನಸ್ ಅದರಲ್ಲೇ.

2024ರಲ್ಲಿ ಚೆರಿ ಚೀಲಕ್ಕೆ 10 ಸಾವಿರದ ಆಸುಪಾಸು ಹೋಯ್ತು. ಬೆಳೆಗಾರರಿಗೆ ಪ್ರತಿ ಗ್ರಾಂ ಲೆಕ್ಕ. ನಾನು ಅವರೆದುರೇ ಸ್ಯಾಂಪಲ್ ಹಲ್ ಮಾಡಿ ಓಟಿ ತೂಗಿ ತೋರಿಸುತ್ತಿದ್ದೆ, ಹಾಗಾಗಿ ಗಾಡಿಗಳು ಇಲ್ಲಿಗೇ ತಿರುಗಿದವು. ಮೂರು ಕಂತು ಮುಗಿದಿದೆ. ಹಳೇ ಸಂಬಳದ ಮುಕ್ಕಾಲು ಕೈಗೆ ಬರ್ತಿದೆ, ಮಿಲ್ ನನ್ನದು. ಬಾಸ್ ಇನ್ನೂ ಕ್ಯಾರಿ ಕಾಯ್ತಿದ್ದಾರೆ.

ಮೂರನೇ ಕಂತು ತಗೊಳ್ಳೋಕೆ ಬಂದ ಯಜಮಾನರು ಚೀಲದ ತಳಕ್ಕೆ ಕೈ ಹಾಕಿ, ಒಂದು ಬೀಜ ಬಿಡಿಸಿ ಕಚ್ಚಿದರು. "ಇನ್ನೆರಡು ಬಿಸಿಲು ಬೇಕು ಮಗ." ತೇವ ಅಳೆಯುವ ನನ್ನ ಮೀಟರ್ ಶೇ. 12.8 ತೋರಿಸುತ್ತಿತ್ತು, ಅಂದರೆ ಇನ್ನೂ ಹಸಿ.