ಅಟ್ಟದ ಮೇಲಿನ ಕಸ್ತೂರಿ

ಮಳೆಗಾಲಕ್ಕೆ ಮೊದಲು ಒಡೆದ ಹಂಚು ಬದಲಿಸಲು ಅಟ್ಟ ಹತ್ತಿದ್ದೆ. ಅಡಕೆ ಚೀಲಗಳ ಹಿಂದೆ, ಬಾಳೆನಾರಿನಲ್ಲಿ ಬಿಗಿದ ಒಂದು ಹೊರೆ ಕಂಡಿತು. ಕೆಳಗಿಳಿಸಿ ಬಿಚ್ಚಿದರೆ 'ಕಸ್ತೂರಿ' ಮಾಸಪತ್ರಿಕೆ. ಐವತ್ತರ ದಶಕದ ಕೊನೆಯಿಂದ ಎಪ್ಪತ್ತರ ತನಕದ ಸಂಚಿಕೆಗಳು, ನಡುನಡುವೆ ಹಲ್ಲು ಬಿದ್ದ ಹಾಗೆ ಖಾಲಿ. "ತಮಾ, ಆ ಕಸ ಎಂತಕ್ಕೋ ನಿಂಗೆ?" ಎಂದಳು ಆಯಿ.

ಎಂತಕ್ಕೆ ಅಂತ ನನಗೂ ಆಗ ಗೊತ್ತಿರಲಿಲ್ಲ. ಬಿಟ್ಟುಹೋದ ಸಂಚಿಕೆ ಹುಡುಕಿ ಸಾಲು ಪೂರ್ತಿ ಮಾಡೋಣ ಅನ್ನೋ ಹುಚ್ಚು ಹಿಡಿಯಿತು, ಅಷ್ಟೇ. ಶಿರಸಿ, ಸಿದ್ದಾಪುರ, ಆಮೇಲೆ ಘಟ್ಟ ಇಳಿದು ಕುಮಟಾ, ಗೋಕರ್ಣ. ಪರಿಚಯದವರ ಮನೆ, ಅವರ ಪರಿಚಯದವರ ಮನೆ. ಆರು ವರ್ಷ ಹಿಡಿಯಿತು.

ಕಸ್ತೂರಿ ಶುರುವಾಗಿದ್ದು 1956ರಲ್ಲಿ, ಹುಬ್ಬಳ್ಳಿಯಿಂದ, 'ಸಂಯುಕ್ತ ಕರ್ನಾಟಕ' ದಿನಪತ್ರಿಕೆಯ ಲೋಕಶಿಕ್ಷಣ ಟ್ರಸ್ಟಿನದು. ಅದೇ ವರ್ಷ ನವೆಂಬರ್ 1ಕ್ಕೆ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ಕಾರವಾರದ ಕಡೆ ಕೊಂಕಣಿ, ಮರಾಠಿ ಜಾಸ್ತಿ. ಊರಿನ ಅರ್ಧ ಜನ ಕೆಲಸಕ್ಕೆ ಮುಂಬಯಿಯಲ್ಲಿ. ಅಂಥ ಹೊತ್ತಿಗೆ ಜಗತ್ತಿನ ಸುದ್ದಿಯನ್ನೆಲ್ಲ ಕನ್ನಡದಲ್ಲೇ ಹೇಳುವ, ಅಂಗೈ ಅಗಲದ ಪತ್ರಿಕೆ ಬಂದರೆ ಹೇಗಿರುತ್ತೆ? ರೀಡರ್ಸ್ ಡೈಜೆಸ್ಟಿನ ಮಾದರಿ ಹೌದು. ಆದರೆ ಸಂಪಾದಕರಾಗಿದ್ದ ಉಡುಪಿ ಕಡೆಯ ಪಾ.ವೆಂ. ಆಚಾರ್ಯರ ಕೈಯಲ್ಲಿ ಅದರ ಕನ್ನಡ ಬೇರೆಯೇ ಆಯಿತು. ವಿಜ್ಞಾನದ ವಿಷಯವನ್ನೂ ಜಗಲಿಯಲ್ಲಿ ಕೂತು ಹೇಳಿದ ಹಾಗೆ ಬರೆಯುತ್ತಿದ್ದರು.

ಈಗ ಕೆಲಸದ ಮಾತು. ಮೊದಲ ವರ್ಷ ನಾನು ಮಾಡಿದ್ದು ಶುದ್ಧ ದಡ್ಡತನ. ಬೂಸಲು ಹಿಡಿದ ಸಂಚಿಕೆಗಳನ್ನು ಅಡಕೆಯ ಹಾಗೆ ಅಂಗಳದಲ್ಲಿ ಬಿಸಿಲಿಗೆ ಹರವಿದೆ. ಸಂಜೆಗೆ ಹಾಳೆಗಳೆಲ್ಲ ಹಪ್ಪಳ. ಮಡಚಿದಲ್ಲಿ ಮುರಿದವು. ಆಮೇಲಿಂದ ನೆರಳಲ್ಲೇ, ಫ್ಯಾನಿನ ಕೆಳಗೆ, ನಡುವೆ ಖಾಲಿ ಕಾಗದ ಇಟ್ಟು ಒಣಗಿಸಿದೆ. ಘಟ್ಟದ ಮೇಲಿನ ಹಳೆ ಮನೆಗಳ ಪ್ರತಿ ಕಪ್ಪಾಗಿದ್ದರೂ ಗಟ್ಟಿ, ಯಾಕಂದರೆ ಕಟ್ಟಿಗೆ ಒಲೆಯ ಹೊಗೆ ತಿಂದ ಕಾಗದಕ್ಕೆ ಹುಳ ಬರೋದು ಕಡಿಮೆ. ಗ್ಯಾಸ್ ಬಂದ ಮನೆಗಳಲ್ಲಿ ಒರಲೆ ಬಂದಿತ್ತು. ಕರಾವಳಿಯ ಪ್ರತಿಗಳದ್ದು ಇನ್ನೊಂದು ಕಥೆ. ಉಪ್ಪು ಗಾಳಿಗೆ ಪಿನ್ನು ತುಕ್ಕು ಹಿಡಿದು ಕಂದು ಕಲೆಯಷ್ಟೇ ಉಳಿದಿರುತ್ತಿತ್ತು. ಅದನ್ನು ಎಳೆಯಬಾರದು. ಹಿಂದಿನಿಂದ ಚಾಕುವಿನ ತುದಿಯಲ್ಲಿ ಮೆಲ್ಲಗೆ ಎಬ್ಬಿಸಬೇಕು.

ಬೈಂಡಿಂಗನ್ನೂ ನಾನೇ ಕಲಿತೆ. ದಾರ ಹಾಕಿ ಹೊಲಿದು, ಬೆನ್ನಿಗೆ ಮೈದಾ ಅಂಟು. ಬರೀ ಮೈದಾ ಆದರೆ ಹುಳಕ್ಕೆ ಊಟ ಬಡಿಸಿದ ಹಾಗೆ. ಹಳೆ ಬೈಂಡರುಗಳು ಅದಕ್ಕೆ ಚಿಟಿಕೆ ಮೈಲುತುತ್ತು (ಕಾಪರ್ ಸಲ್ಫೇಟ್) ಹಾಕುತ್ತಿದ್ದರು. ಅಡಕೆ ಬೆಳೆಗಾರನ ಮನೆಯಲ್ಲಿ ಮೈಲುತುತ್ತಿಗೇನು ಬರ? ಕೊಳೆ ರೋಗದ ಔಷಧಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಅಂತ ಪ್ರತಿ ಮಳೆಗಾಲ ಕಲಸುವವರೇ ನಾವು. ಆದರೆ ಅದು ಕಾಗದಕ್ಕೆ ಒಳ್ಳೆಯದಲ್ಲ. ಹಾಗಾಗಿ ಬೆನ್ನಿನ ಬಟ್ಟೆಗೆ ಮಾತ್ರ, ಒಳಗಿನ ಹಾಳೆಗೆ ತಾಗಿಸಲಿಲ್ಲ.

ಜೊತೆಗೆ ಒಂದು ಪಟ್ಟಿ: ತಿಂಗಳು, ಲೇಖನ, ಬರೆದವರು, ಪುಟ. ಕೊನೆಗೆ ಸುಮ್ನೆ ಒಂದು ಕಾಲಂ ಹೆಚ್ಚಿಗೆ ಎಳೆದೆ: 'ಗುರುತು'. ಓದಿದವರು ಏನಾದರೂ ಗೀಚಿದ್ದರೆ ಅದಕ್ಕೆ. ಉಳಿದ ಕಾಲಂಗಳಿಗಿಂತ ಇದೇ ಬೇಗ ತುಂಬಿತು.

ಒಂದು ಮುಖಪುಟದ ಮೇಲೆ ಒಂಬತ್ತು ಜನರ ಹೆಸರಿನ ಮೊದಲಕ್ಷರ, ಒಂದೊಂದಕ್ಕೂ ಅಡ್ಡಗೆರೆ. ಓದಿ ಮುಂದಿನವರಿಗೆ ದಾಟಿಸಿದ್ದರ ಲೆಕ್ಕ ಅದು. ಕೊನೆಯ ಅಕ್ಷರಕ್ಕೆ ಗೆರೆ ಇಲ್ಲ. ಪ್ರತಿ ಸಿಕ್ಕಿದ್ದೂ ಅವರ ಮನೆಯಲ್ಲೇ! ಇನ್ನು ಹಲವು ಸಂಚಿಕೆಗಳಲ್ಲಿ ಕೊನೆಗಿರುವ 'ಪುಸ್ತಕ ವಿಭಾಗ'ವೇ ಮಾಯ. ದೊಡ್ಡ ಪುಸ್ತಕವೊಂದನ್ನು ಚಿಕ್ಕದು ಮಾಡಿ ಕೊಡುತ್ತಿದ್ದ ಭಾಗ ಅದು. ಹರಿದವರ ಮೇಲೆ ಸಿಟ್ಟು ಬಂದಿತ್ತು. ಆಮೇಲೆ ಕುಮಟಾದ ಒಂದು ಮನೆಯಲ್ಲಿ ಅಂಥ ಹನ್ನೆರಡು ಭಾಗಗಳನ್ನು ಸೇರಿಸಿ, ಹಳೆ ಸೀರೆಯ ಬಟ್ಟೆ ಹಚ್ಚಿ ಹೊಲಿದ ಪುಸ್ತಕ ಕಂಡೆ. ಪುಸ್ತಕದಂಗಡಿ ಇಲ್ಲದ ಊರಲ್ಲಿ ಗ್ರಂಥಾಲಯ ಕಟ್ಟುವ ದಾರಿ ಅದು ಅಂತ ಹೊಳೆದ ಮೇಲೆ ಸಿಟ್ಟು ಹೋಯಿತು.

ಎಲ್ಲಕ್ಕಿಂತ ಜಾಸ್ತಿ ಪೆನ್ಸಿಲ್ ಗೆರೆ ಇದ್ದದ್ದು ಪಾ.ವೆಂ. ಅವರ 'ಪದಾರ್ಥ ಚಿಂತಾಮಣಿ'ಯಲ್ಲಿ. ಒಂದೊಂದು ಪದ ಎಲ್ಲಿಂದ ಬಂತು, ಹೇಗೆ ಬದಲಾಯಿತು ಅನ್ನುವ ಅಂಕಣ. ನಮ್ಮ ಮನೆಯ ಪ್ರತಿಗಳಲ್ಲಿ ಗೆರೆ ಎಳೆದವರು ದೊಡ್ಡಪ್ಪ. ಶಾಲೆ ಕಲಿತದ್ದು ನಾಲ್ಕೇ ತರಗತಿ, ಆದರೆ ಒಳ್ಳೆಯ ತಾಳಮದ್ದಲೆ ಅರ್ಥಧಾರಿ, ಅಂದರೆ ವೇಷ ಕಟ್ಟದೆ ಕೂತು ನಡೆಸುವ ಯಕ್ಷಗಾನದಲ್ಲಿ ಪಾತ್ರದ ಮಾತು ಆಡುವವರು. 'ಕೃಷ್ಣ ಸಂಧಾನ' ಪ್ರಸಂಗದಲ್ಲಿ ಅವರ ಕೃಷ್ಣ ಕೌರವನ ಒಂದು ಮಾತು ಹಿಡಿದುಕೊಂಡು, ಆ ಪದದ ಮೂಲವನ್ನೇ ಬಿಡಿಸಿ ಬಿಡಿಸಿ ಅವನ ಬಾಯಿ ಮುಚ್ಚಿಸುತ್ತಿದ್ದ. ಚಿಕ್ಕವನಿದ್ದಾಗ ಅದನ್ನು ಕೇಳಿ ದೊಡ್ಡಪ್ಪ ಸಂಸ್ಕೃತ ಪಂಡಿತರು ಅಂತ ನಂಬಿದ್ದೆ. ಗುಟ್ಟು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿತ್ತು! ಒಂದು ಪುಟದ ಅಂಚಿನಲ್ಲಿ ಅವರ ಅಕ್ಷರ: 'ಕೌರವ ಇದಕ್ಕೆ ಏನು ಹೇಳಬಹುದು?'

ಇದನ್ನು ನೋಡಿದ ಮೇಲೆ ಪತ್ರಿಕೆಯ ಪ್ರಭಾವ ಅಂದರೆ ಎಷ್ಟು ಪ್ರತಿ ಮಾರಾಟವಾಯಿತು ಅಂತ ಕೇಳೋದು ಬಿಟ್ಟೆ. ರಾತ್ರಿ ದೇವಸ್ಥಾನದ ಚಂದ್ರಶಾಲೆಯಲ್ಲಿ ಕೂತು ಆ ಅರ್ಥ ಕೇಳಿದವರಲ್ಲಿ ಕಸ್ತೂರಿ ಮುಟ್ಟಿ ನೋಡದವರೇ ಹೆಚ್ಚು. ಓದು ಬಾರದವರೂ ಇದ್ದರು.

ಸಾಹಿತ್ಯ ಬಲ್ಲವರು ಆ ಕಾಲದ ಪತ್ರಿಕೆ ಅಂದರೆ ಕವಿ ಗೋಪಾಲಕೃಷ್ಣ ಅಡಿಗರ 'ಸಾಕ್ಷಿ' ಅನ್ನುತ್ತಾರೆ, ಧಾರವಾಡದ 'ಸಂಕ್ರಮಣ' ಅನ್ನುತ್ತಾರೆ. ತಪ್ಪೇನಲ್ಲ. ನವ್ಯ ಸಾಹಿತ್ಯದ ಜಗಳವೆಲ್ಲ ನಡೆದದ್ದು ಅಂಥ ಕಡೆಯೇ. ಅರವತ್ತರ ದಶಕದಲ್ಲಿ ಅಡಿಗರು ಸಾಗರದ ಲಾಲ್ ಬಹಾದ್ದೂರ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದರು. ಸಿದ್ದಾಪುರದಿಂದ ಸಾಗರ ಎಷ್ಟು ದೂರ? ಆದರೂ ನನ್ನ ತಿರುಗಾಟದಲ್ಲಿ ಸಾಕ್ಷಿ ಸಿಕ್ಕಿದ್ದು ಎರಡೇ ಮನೆಯಲ್ಲಿ. ಒಂದರಲ್ಲಿ ಪದ್ಯದ ಪಕ್ಕ 'ಅರ್ಥವಾಗಲಿಲ್ಲ' ಎಂದು ಮಸಿಯಲ್ಲಿ ಬರೆದಿತ್ತು. ಕೆಳಗೆ ಬೇರೆ ಬಣ್ಣದಲ್ಲಿ 'ಮತ್ತೆ ಓದಿದೆ'. ಇಷ್ಟೇ. ಆಮೇಲೆ ಅರ್ಥವಾಯಿತೋ ಇಲ್ಲವೋ ಬರೆದಿಲ್ಲ. ನನಗೆ ಸಾಕ್ಷಿ, ಕಸ್ತೂರಿ ಎರಡೂ ಬೇಕು. ಆದರೆ ಒಂದರ ಬಗ್ಗೆ ಅಷ್ಟೊಂದು ಬರೆದು ಇನ್ನೊಂದನ್ನು 'ಜನಪ್ರಿಯ' ಅಂತ ಪಕ್ಕಕ್ಕೆ ಸರಿಸುವುದು ಸರಿಯಲ್ಲ ಅನಿಸುತ್ತೆ.

ಒಂದು ಬೇಜಾರನ್ನೂ ಹೇಳಿಬಿಡುತ್ತೇನೆ. ಮೊದಲು ಬೈಂಡ್ ಮಾಡಿದ ಎಂಟು ಸಂಪುಟಗಳನ್ನು ಒಂದು ಗ್ರಂಥಾಲಯಕ್ಕೆ ಕೊಟ್ಟಿದ್ದೆ. ಮುಂದಿನ ಶ್ರಾವಣದಲ್ಲಿ ಹೋಗಿ ನೋಡಿದರೆ ಸೋರುವ ಗೋಡೆಗೆ ಒತ್ತಿಸಿ ನೆಲದ ಮೇಲೆ ಇಟ್ಟಿದ್ದರು. ಮೂರು ಸಂಪುಟ ಇಟ್ಟಿಗೆಯ ಹಾಗೆ ಅಂಟಿಕೊಂಡಿದ್ದವು. ವಾಪಸ್ ತಂದೆ. ಈಗ ಮೊದಲು ಮೊಬೈಲಿನಲ್ಲಿ ಪ್ರತಿ ಪುಟದ ಫೋಟೋ, ಆಮೇಲೆ ಬೈಂಡಿಂಗು. ಯಾರಿಗೆ ಬೇಕಾದರೂ ಫೋಟೋ ಕೊಡುತ್ತೇನೆ, ಸಂಪುಟ ಮನೆ ಬಿಟ್ಟು ಹೋಗಲ್ಲ.

ಸಾಲಿನಲ್ಲಿ ಕೊನೆಯದಾಗಿ ಬೇಕಿದ್ದ ಸಂಚಿಕೆ ಗೋಕರ್ಣದ ಹತ್ತಿರ ನನ್ನ ಅತ್ತೆಯ ಮನೆಯಲ್ಲೇ ಇತ್ತು. ಮುಖಪುಟ ಇರಲಿಲ್ಲ. "ಕೊಡೂದಿಲ್ಲೆ" ಅಂದರು ಅತ್ತೆ. ಫೋಟೋ ಆದರೂ ತೆಗೀತೇನೆ ಅಂದೆ. ಜಗಲಿಯ ಬೆಳಕಲ್ಲಿ ಒಂದೊಂದೇ ಪುಟ ತಿರುಗಿಸುತ್ತಿದ್ದರೆ ಅವರು ಹಿಂದೆ ನಿಂತು, ಪುಟ ತಿರುಗುವ ಮೊದಲೇ ಮುಂದಿನ ಸಾಲು ಹೇಳುತ್ತಿದ್ದರು. ಮುಗಿದ ಮೇಲೆ ಕೈಯಿಂದ ತೆಗೆದುಕೊಂಡು ಒಳಗೆ ಹೋದರು. ನನ್ನ ಪಟ್ಟಿಯಲ್ಲಿ ಆ ತಿಂಗಳ ಎದುರು 'ಅತ್ತೆ ಮನೆ, ಅಕ್ಕಿ ಪೆಟ್ಟಿಗೆ' ಎಂದಿದೆ.