ಮುಂಬಯಿಯಿಂದ ಗೊಯಾನಿಯಾಕ್ಕೆ ಹೊರಡುವ ಮುನ್ನ

ಗೊಯಾನಿಯಾ ಬ್ರೆಜಿಲಿನ ಒಳನಾಡಿನ ಗೊಯಾಸ್ ರಾಜ್ಯದ ರಾಜಧಾನಿ. 1933ರಲ್ಲಿ ನಕ್ಷೆ ಹಾಕಿ ಕಟ್ಟಲು ತೊಡಗಿದ ಊರು, 2022ರ ಜನಗಣತಿಯಲ್ಲಿ 14 ಲಕ್ಷ ದಾಟಿದೆ. ಸೋಯಾ, ದನ, ಸಿದ್ಧ ಉಡುಪಿನ ವ್ಯಾಪಾರಕ್ಕೆಂದು ಹೊರಟವರಿಗೆ ಈ ಮಾಹಿತಿ.

ವೀಸಾ ಹೇಗೂ ಬೇಕು. ಆದರೆ ಜನ ಮರೆಯುವುದು ಯೆಲ್ಲೊ ಫೀವರ್ ಲಸಿಕೆಯನ್ನು. ಬೀದಿಯ ಕ್ಲಿನಿಕ್ಕಿನಲ್ಲಿ ಹಾಕಿಸಿದರೆ ನಡೆಯದು; ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ, ಪಾಸ್‌ಪೋರ್ಟ್ ತೋರಿಸಿ, ಹೊರಡಲು ಕನಿಷ್ಠ 10 ದಿನ ಇರುವಾಗಲೇ ಹಾಕಿಸಬೇಕು. 60 ದಾಟಿದವರು, ಗರ್ಭಿಣಿಯರು, ಮೊಟ್ಟೆ ಅಲರ್ಜಿ ಇರುವವರು ಮೊದಲು ಡಾಕ್ಟರನ್ನು ಕೇಳಿ. ಮರಳಿ ಬಂದಾಗ ಮುಂಬಯಿ ವಿಮಾನ ನಿಲ್ದಾಣದಲ್ಲಿ ಈ ಲಸಿಕೆಯ ಪ್ರಮಾಣಪತ್ರವಾದ ಹಳದಿ ಕಾರ್ಡ್ ಕೇಳುತ್ತಾರೆ. ಇಲ್ಲದಿದ್ದರೆ 6 ದಿನದವರೆಗೂ ಕ್ವಾರಂಟೈನ್. ಕಾರ್ಡ್ ಕೈಚೀಲದಲ್ಲೇ ಇರಲಿ, ಸೂಟ್‌ಕೇಸ್ ಕೈಗೆ ಸಿಗುವುದು ತಪಾಸಣೆಯಾದ ಮೇಲೆ.

ನೇರ ವಿಮಾನವಿಲ್ಲ. ಅಡಿಸ್ ಅಬಾಬಾ, ದುಬೈ ಅಥವಾ ದೋಹಾ ಮೇಲೆ ಸಾವೊ ಪಾಲೊದ ಗ್ವಾರುಲ್ಯೋಸ್‌ಗೆ ಹೋಗಿ, ಅಲ್ಲಿಂದ ಒಂದೂವರೆ ಗಂಟೆಯ ದೇಶೀ ವಿಮಾನ. ಮುಂಬಯಿಯಲ್ಲಿ ಗೊಯಾನಿಯಾವರೆಗೆ ಟ್ಯಾಗ್ ಹಾಕಿದ್ದರೂ ಲಗೇಜನ್ನು ಗ್ವಾರುಲ್ಯೋಸ್‌ನಲ್ಲಿ ಇಳಿಸಿಕೊಂಡು, ಕಸ್ಟಮ್ಸ್ ದಾಟಿಸಿ, ಮತ್ತೆ ಒಪ್ಪಿಸಬೇಕು. ನಾಲ್ಕು ಗಂಟೆ ಬಿಡುವಿರಲಿ. ಮುಂದಿನ ವಿಮಾನ ಕೊಂಗೊನ್ಯಾಸ್‌ನಿಂದ ಅಂತಿದ್ದರೆ ಆ ಟಿಕೆಟ್ ಬೇಡವೇ ಬೇಡ: ಅದು ಬೇರೆಯೇ ನಿಲ್ದಾಣ, ನಡುವೆ ಸಾವೊ ಪಾಲೊದ ಟ್ರಾಫಿಕ್!

ಊರಲ್ಲಿ ಎಡವುವುದು ವಿಳಾಸದಲ್ಲಿ. ಬೀದಿಗಳಿಗೆ ಹೆಸರಿಗಿಂತ ನಂಬರೇ ಹೆಚ್ಚು, ಅದೇ ನಂಬರು ಹಲವು ಬಡಾವಣೆಗಳಲ್ಲಿ ಬರುತ್ತದೆ. 'ರುವಾ 10' (10ನೇ ಬೀದಿ) ಅಂದರೆ ಸಾಲದು. ಯಾವ ಸೆತೋರ್ (ಬಡಾವಣೆ), ಸೆತೋರ್ ಸೆಂತ್ರಾವೋ, ಸೆತೋರ್ ಓಯೆಸ್ಚಿಯೋ, ಹೇಳಬೇಕು. ಮನೆ ನಂಬರಿನ ಬದಲು ಕ್ವಾದ್ರಾ (ಬ್ಲಾಕು), ಲೋಚಿ (ಸೈಟು) ಬರೆದಿರುತ್ತಾರೆ. ಮೂರನ್ನೂ ಬರೆದುಕೊಂಡು ಚಾಲಕನಿಗೆ ತೋರಿಸಿ.

ಕರೆಂಟು 220 ವೋಲ್ಟ್, ನಮ್ಮ ಚಾರ್ಜರ್ ನಡೆಯುತ್ತದೆ. ಎರಡು ಸಣ್ಣ ಪಿನ್ನಿನದು ಹಿಡಿಯುತ್ತದೆ, ನಮ್ಮ ಮೂರು ಪಿನ್ನಿನದಕ್ಕೆ ಅಡಾಪ್ಟರ್ ಬೇಕು. ಆಗಸ್ಟ್-ಸೆಪ್ಟೆಂಬರಿನಲ್ಲಿ ಗಾಳಿಯ ತೇವ ಶೇ. 20ಕ್ಕೂ ಕೆಳಗಿಳಿಯುವುದುಂಟು. ಮುಂಬಯಿಯ ಸೆಕೆಗೆ ಒಗ್ಗಿದ ಮೈಗೆ ತುಟಿ ಒಡೆದು ಮೂಗಲ್ಲಿ ರಕ್ತ ಬಂದೀತು, ವ್ಯಾಸಲೀನ್ ಇಟ್ಟುಕೊಳ್ಳಿ.

ಊಟಕ್ಕೆ ತೂಕದ ಲೆಕ್ಕದ ಹೋಟೆಲುಗಳು ಸಸ್ಯಾಹಾರಿಗಳಿಗೆ ವಾಸಿ: ಅನ್ನ, ಪಲ್ಯ, ಸಲಾಡ್ ನೀವೇ ಬಡಿಸಿಕೊಂಡು ತೂಗಿಸುವುದು. ಫೆಯಿಜಾಂವ್ ಅನ್ನುವ ಹುರುಳಿಕಾಯಿ ಬೀಜದ ಸಾರಿನಲ್ಲಿ ಹಂದಿಯ ತುಣುಕು ಇರಬಹುದು. 'ಮಾಂಸ ಇದೆಯಾ' ಅಂದರೆ 'ಇಲ್ಲ' ಅಂದಾರು, ಬೇಕನ್ ಹೆಸರು ಹಿಡಿದೇ ಕೇಳಿ.

ಅನ್ನದ ಜೊತೆ ಹಳದಿ ಪೆಕಿ ಹಣ್ಣು ಬಂದರೆ ಕಚ್ಚಬೇಡಿ. ತಿರುಳಿನ ಕೆಳಗೆ ಕೂದಲಿನಷ್ಟು ಸಣ್ಣ ಮುಳ್ಳುಗಳ ಪದರವಿದೆ. ಕೈಯಲ್ಲಿ ಹಿಡಿದು ಮುಂದಿನ ಹಲ್ಲಿನಿಂದ ಮೆಲ್ಲಗೆ ಕೆರೆದು ತಿನ್ನಿ; ತಿರುಳಿನ ಬಣ್ಣ ಮಾಸಿ ಬಿಳಿಚಿಕೊಂಡಲ್ಲಿಗೆ ನಿಲ್ಲಿಸಿ. ಮುಳ್ಳು ನಾಲಗೆಗೆ ಹೊಕ್ಕರೆ ನೀರು ಕುಡಿದರೆ ಹೋಗುವುದಿಲ್ಲ, ಚಿಮಟದಿಂದ ಒಂದೊಂದಾಗಿ ತೆಗೆಸಬೇಕು.